ದಿನ ತುಂಬಿದರೂ ತೂಕ ತುಂಬದ ಮಗು: ತಕ್ಕಡಿಯೊಂದೇ ಹೇಳಲಾರದ ಸಂಗತಿ

ಬೆಂಗಳೂರು: ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟ್ ಹಾಗೂ ಅದರ ನೆರೆಯ ಜ್ಯುವೆಲರ್ಸ್ ಸ್ಟ್ರೀಟ್‌ನಲ್ಲಿ ಒಡವೆ ಕೊಳ್ಳಲು ಬರುವವರು ತೂಕವನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಎಷ್ಟು ಕ್ಯಾರೆಟ್ ಎಂದೂ ವಿಚಾರಿಸುತ್ತಾರೆ. ಎರಡೂ ಗೊತ್ತಾಗದೆ ಚಿನ್ನದ ಬೆಲೆ ತಿಳಿಯದು ಎಂಬುದು ಎಲ್ಲರಿಗೂ ಗೊತ್ತಿರುವ ವ್ಯವಹಾರಜ್ಞಾನ. ಆದರೆ ಅದೇ ಬೀದಿಯಿಂದ ನಡಿಗೆಯ ದೂರದಲ್ಲಿರುವ ಬೌರಿಂಗ್ ಮತ್ತು ಘೋಷಾ ಆಸ್ಪತ್ರೆಗಳಲ್ಲಾಗಲಿ, ನಾಡಿನ ಬೇರಾವ ಹೆರಿಗೆ ಆಸ್ಪತ್ರೆಯಲ್ಲಾಗಲಿ, ಮಗು ಹುಟ್ಟಿತೆಂಬ ಸುದ್ದಿ ಬಂದೊಡನೆ ಬಂಧುಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ತೂಕ ಎಷ್ಟು?

ಈ ಪ್ರಶ್ನೆಯ ಜೊತೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಮಗು ಹುಟ್ಟಿದ್ದು ಎಷ್ಟನೆಯ ವಾರಕ್ಕೆ? ಈ ಎರಡನೆಯ ಸಂಖ್ಯೆ ತಿಳಿಯದಿದ್ದರೆ ಚಿಕ್ಕ ಮಗುವೊಂದು ಬೇಗ ಹುಟ್ಟಿದ್ದರಿಂದ ಚಿಕ್ಕದಾಗಿದೆಯೋ ಅಥವಾ ಗರ್ಭದೊಳಗೆ ಸಾಕಷ್ಟು ಪೋಷಣೆ ದೊರೆಯದೆ ಚಿಕ್ಕದಾಗಿದೆಯೋ ಎಂದು ಹೇಳಲು ಸಾಧ್ಯವಿಲ್ಲ. ಈ ಎರಡು ಬಗೆಯ ಶಿಶುಗಳಿಗೆ ಎದುರಾಗುವ ಅಪಾಯಗಳೂ ಬೇರೆ, ಬೇಕಾಗುವ ಆರೈಕೆಯೂ ಬೇರೆ. ಗರ್ಭಾವಧಿಗೆ ತಕ್ಕ ತೂಕವಿಲ್ಲದ ನವಜಾತ ಶಿಶುಗಳ ಕುರಿತು ಓದುಗರು ತಿಳಿದಿರಬೇಕಾದ ಮುಖ್ಯ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ತೂಕ ಒಂದೇ, ಮಕ್ಕಳು ಬೇರೆ

ಒಂದು ಉದಾಹರಣೆಯನ್ನು ನೋಡಬಹುದು. ಒಂದೇ ವಾರ್ಡಿನಲ್ಲಿ ಎರಡು ಶಿಶುಗಳಿವೆ ಎಂದುಕೊಳ್ಳೋಣ. ಎರಡೂ 1.8 ಕಿಲೋ ತೂಗುತ್ತವೆ. ಒಂದು ಮಗು 32ನೇ ವಾರಕ್ಕೆ ಹುಟ್ಟಿದೆ, ಇನ್ನೊಂದು 38ನೇ ವಾರಕ್ಕೆ. ಮೊದಲನೆಯದು ಆ ವಾರಕ್ಕೆ ಇರಬೇಕಾದಷ್ಟೇ ತೂಕವಿದೆ. ಅದರ ತೊಂದರೆ ತೂಕದ್ದಲ್ಲ, ಅವಧಿಗೆ ಮುನ್ನ ಹುಟ್ಟಿದ್ದು. ಶ್ವಾಸಕೋಶ ಇನ್ನೂ ಪಕ್ವವಾಗಿರುವುದಿಲ್ಲ, ಚೀಪುವುದು, ನುಂಗುವುದು ಮತ್ತು ಉಸಿರಾಡುವುದು ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಎರಡನೆಯ ಮಗುವಿನ ಅಂಗಾಂಗಗಳು ಪಕ್ವವಾಗಿವೆ, ಆದರೆ ದೇಹದಲ್ಲಿ ಕೂಡಿಟ್ಟುಕೊಂಡ ಕೊಬ್ಬೂ ಇಲ್ಲ, ಸಕ್ಕರೆಯ ದಾಸ್ತಾನೂ ಇಲ್ಲ. ವೈದ್ಯಶಾಸ್ತ್ರದ ಪ್ರಕಾರ ಈ ಎರಡನೆಯ ಮಗುವೇ ಗರ್ಭಾವಧಿಗೆ ತಕ್ಕ ತೂಕವಿಲ್ಲದ ಶಿಶು.

ಅದೇ ವಾರದಲ್ಲಿ ಹುಟ್ಟುವ, ಅದೇ ಲಿಂಗದ ನೂರು ಶಿಶುಗಳನ್ನು ತೂಕದ ಕ್ರಮದಲ್ಲಿ ಸಾಲಾಗಿ ಮಲಗಿಸಿದರೆ ಕೆಳಗಿನ ತುದಿಯ ಹತ್ತರೊಳಗೆ ಬರುವ ಶಿಶುವನ್ನು ಈ ಗುಂಪಿಗೆ ಸೇರಿಸುವುದು ರೂಢಿ. ಕೆಳಗಿನ ಮೂರರೊಳಗೆ ಬಂದರೆ ಕೊರತೆ ತೀವ್ರ ಎಂದು ಪರಿಗಣಿಸಲಾಗುತ್ತದೆ.

ಗಮನಿಸಬೇಕಾದ ಮೂರನೆಯ ಮಗುವೂ ಒಂದಿದೆ. 40 ವಾರ ತುಂಬಿ 2.6 ಕಿಲೋ ತೂಗುವ ಮಗು 2.5 ಕಿಲೋ ಗೆರೆಯನ್ನು ದಾಟಿರುವುದರಿಂದ ದಾಖಲೆಯಲ್ಲಿ ಅದು ಕಡಿಮೆ ತೂಕದ ಮಗುವಲ್ಲ. ಆದರೆ ಇಂದಿನ ಅಂತರರಾಷ್ಟ್ರೀಯ ಮಾನದಂಡದಂತೆ ಅದು ತನ್ನ ವಾರಕ್ಕೆ ಚಿಕ್ಕ ಮಗುವೇ ಸರಿ. ತೂಕವೊಂದನ್ನೇ ನೋಡುವ ಕಣ್ಣಿಗೆ ಈ ಮಗು ತಪ್ಪಿಹೋಗುತ್ತದೆ.

ಹಾಗೆಂದು ಈ ಗುಂಪಿಗೆ ಸೇರಿದ ಎಲ್ಲ ಶಿಶುಗಳೂ ಅಸ್ವಸ್ಥ ಎಂದು ಭಾವಿಸಬೇಕಾಗಿಲ್ಲ. ತಾಯಿ ತಂದೆ ಇಬ್ಬರೂ ಕುಳ್ಳಗೆ, ಸಣ್ಣಗೆ ಇದ್ದರೆ ಮಗುವೂ ಸಹಜವಾಗಿಯೇ ಚಿಕ್ಕದಾಗಿರಬಹುದು. ತಾನು ಬೆಳೆಯಬಹುದಾಗಿದ್ದಷ್ಟು ಗರ್ಭದಲ್ಲಿ ಬೆಳೆಯಲಾಗದೆ ಹೋದ ಶಿಶುವಿನ ಸ್ಥಿತಿಯನ್ನು ಮಾತ್ರ ವೈದ್ಯರು ಗರ್ಭಸ್ಥ ಬೆಳವಣಿಗೆಯ ಕುಂಠಿತ ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ.

ಎರಡೂವರೆ ಕಿಲೋ ಗೆರೆ ಬಂದದ್ದು ಎಲ್ಲಿಂದ?

1919ರಲ್ಲಿ ಫಿನ್ಲೆಂಡಿನ ಮಕ್ಕಳ ತಜ್ಞ ಅರ್ವೋ ಯುಲ್ಪೋ 2,500 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳನ್ನು ಅವಧಿಪೂರ್ವ ಶಿಶುಗಳೆಂದು ಕರೆಯುವ ಪದ್ಧತಿಯನ್ನು ಬಳಕೆಗೆ ತಂದರು. ಮುಂದೆ ಹಲವು ದಶಕಗಳ ಕಾಲ ಜಗತ್ತಿನೆಲ್ಲೆಡೆ ಚಿಕ್ಕ ಮಗುವೆಂದರೆ ಬೇಗ ಹುಟ್ಟಿದ ಮಗುವೆಂದೇ ಅರ್ಥವಾಗಿತ್ತು. ದಿನ ತುಂಬಿಯೂ ಎಷ್ಟೋ ಮಕ್ಕಳು ಸಣ್ಣಗೆ ಹುಟ್ಟುತ್ತಾರೆ ಎಂಬುದು ಸ್ಪಷ್ಟವಾದ ಬಳಿಕ, 1961ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಈ ಗುಂಪಿಗೆ 'ಕಡಿಮೆ ಜನನ ತೂಕ' ಎಂಬ ಹೆಸರನ್ನು ಸೂಚಿಸಿ, ಅವಧಿಪೂರ್ವ ಜನನವನ್ನು ಅದರಿಂದ ಬೇರ್ಪಡಿಸಿತು.

1963ರಲ್ಲಿ ಅಮೆರಿಕದ ಡೆನ್ವರ್ ನಗರದ ವೈದ್ಯೆ ಲೂಲಾ ಲುಬ್ಚೆಂಕೊ ವಾರವಾರಕ್ಕೂ ಇರಬೇಕಾದ ತೂಕದ ನಕ್ಷೆಯನ್ನು ಪ್ರಕಟಿಸಿದರು. ಕೆಳಗಿನ ಶೇ. 10ರ ಗೆರೆ ರೂಢಿಗೆ ಬಂದದ್ದು ಅಲ್ಲಿಂದ ಮುಂದೆ. ಪಾಶ್ಚಾತ್ಯ ಶಿಶುಗಳ ಅಳತೆಯನ್ನು ಭಾರತದ ಶಿಶುಗಳಿಗೆ ಅನ್ವಯಿಸುವುದು ಸರಿಯೇ ಎಂಬ ಚರ್ಚೆಯೂ ಬಹುಕಾಲ ನಡೆಯಿತು. ಇದಕ್ಕೆ ಉತ್ತರವೆಂಬಂತೆ ಎಂಟು ದೇಶಗಳ ಆರೋಗ್ಯವಂತ ಗರ್ಭಿಣಿಯರನ್ನು ಅಭ್ಯಸಿಸಿ ರೂಪಿಸಿದ 'ಇಂಟರ್‌ಗ್ರೋತ್-21' ಮಾನದಂಡ 2014ರಲ್ಲಿ ಹೊರಬಂದಿತು. ಭಾರತದಿಂದ ನಾಗಪುರ ಈ ಅಧ್ಯಯನದಲ್ಲಿ ಪಾಲ್ಗೊಂಡಿತ್ತು. ತಾಯಿಗೆ ಒಳ್ಳೆಯ ಆಹಾರ, ಆರೋಗ್ಯ ಮತ್ತು ಪರಿಸರ ದೊರೆತರೆ ಗರ್ಭಸ್ಥ ಶಿಶುವಿನ ಬೆಳವಣಿಗೆ ದೇಶದಿಂದ ದೇಶಕ್ಕೆ ಹೆಚ್ಚು ಬದಲಾಗುವುದಿಲ್ಲ ಎಂಬುದು ಅದರ ಮುಖ್ಯ ತಿಳಿವಳಿಕೆ. 'ನಮ್ಮ ಕಡೆಯ ಮಕ್ಕಳೇ ಹಾಗೆ' ಎಂಬ ಸಮಾಧಾನಕ್ಕೆ ಇದರಿಂದ ಆಧಾರ ಕಡಿಮೆಯಾಯಿತು.

ಅಳತೆಗೋಲು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಹಳೆಯ ಅಮೆರಿಕನ್ ಮಾನದಂಡವನ್ನು ಬಳಸಿದ ಅಂದಾಜಿನಂತೆ 2010ರಲ್ಲಿ ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ 3.24 ಕೋಟಿ ಶಿಶುಗಳು, ಅಂದರೆ ಜನಿಸಿದವರಲ್ಲಿ ಶೇ. 27ರಷ್ಟು, ವಾರಕ್ಕೆ ತಕ್ಕ ತೂಕವಿಲ್ಲದೆ ಹುಟ್ಟಿದ್ದವು. ಹೊಸ ಮಾನದಂಡದಂತೆ 2012ನೇ ಸಾಲಿಗೆ ಮಾಡಿದ ಅಂದಾಜು 2.33 ಕೋಟಿ, ಶೇ. 19.3. ಯಾವ ಅಳತೆಯಲ್ಲಿ ನೋಡಿದರೂ ದಕ್ಷಿಣ ಏಷ್ಯಾದ ಪಾಲೇ ದೊಡ್ಡದು. ಭಾರತದಲ್ಲಿ 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೂಕ ದಾಖಲಾದ ಶಿಶುಗಳಲ್ಲಿ ಸುಮಾರು ಶೇ. 18ರಷ್ಟು 2.5 ಕಿಲೋಗಿಂತ ಕಡಿಮೆಯಿದ್ದವು.

20 ಅಧ್ಯಯನ ಸಮೂಹಗಳ ಸುಮಾರು 20 ಲಕ್ಷ ಜನನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆ ಅಪಾಯದ ಪ್ರಮಾಣವನ್ನು ಹೀಗೆ ಗುರುತಿಸಿದೆ: ವಾರಕ್ಕೆ ತಕ್ಕ ತೂಕವಿಲ್ಲದ ಶಿಶು ಮೊದಲ 28 ದಿನಗಳಲ್ಲಿ ಸಾಯುವ ಸಂಭವ ಸುಮಾರು 1.8 ಪಟ್ಟು ಹೆಚ್ಚು. ಅವಧಿಗೆ ಮುನ್ನ ಹುಟ್ಟಿದ್ದರೆ ಸುಮಾರು 7 ಪಟ್ಟು. ಎರಡೂ ಕೂಡಿದ್ದರೆ 15 ಪಟ್ಟು.

ವಾರ ಲೆಕ್ಕ ಹಾಕುವ ಬಗೆ

ವಾರವನ್ನು ತಿಳಿಯುವ ಮೊದಲ ದಾರಿ ಕೊನೆಯ ಮುಟ್ಟಿನ ಮೊದಲ ದಿನಾಂಕ. ಅನೇಕ ಮಹಿಳೆಯರಿಗೆ ಅದು ಹಬ್ಬ, ಅಮಾವಾಸ್ಯೆ ಅಥವಾ ರಂಜಾನ್ ತಿಂಗಳಿನ ಆಸುಪಾಸು ಎಂದಷ್ಟೇ ನೆನಪಿರುತ್ತದೆ. ಹಾಗಿದ್ದರೂ ಅಡ್ಡಿಯಿಲ್ಲ, ಆ ನೆನಪನ್ನು ಆಶಾ ಕಾರ್ಯಕರ್ತೆ ಅಥವಾ ದಾದಿಗೆ ಹೇಳಿದರೆ ಕ್ಯಾಲೆಂಡರ್ ನೋಡಿ ದಿನಾಂಕವನ್ನು ಅಂದಾಜಿಸಬಹುದು. ಎರಡನೆಯದು ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್. ಆ ಹಂತದಲ್ಲಿ ಭ್ರೂಣದ ಉದ್ದವನ್ನು ಅಳೆದು ಹೇಳುವ ವಾರ ಹೆಚ್ಚೆಂದರೆ ಒಂದು ವಾರದಷ್ಟು ಮಾತ್ರ ಆಚೀಚೆಯಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಮೊದಲ ಬಾರಿಗೆ ಸ್ಕ್ಯಾನ್ ಮಾಡಿಸಿದರೆ ಮೂರು ವಾರಗಳವರೆಗೂ ವ್ಯತ್ಯಾಸವಾಗಬಹುದು. ಅಷ್ಟೇ ಅಲ್ಲ, ಬೆಳವಣಿಗೆ ಕುಂಠಿತಗೊಂಡ ಮಗುವನ್ನು ಇನ್ನೂ ಎಳೆಯ ಮಗುವೆಂದು ತಪ್ಪಾಗಿ ತಿಳಿಯುವ ಅಪಾಯವೂ ಇದೆ.

ಈ ಎರಡೂ ಇಲ್ಲದೆ ಹೆರಿಗೆಗೆ ಬಂದವರ ಮಕ್ಕಳಲ್ಲಿ ವೈದ್ಯರು ಮಗುವಿನ ದೇಹವನ್ನೇ ಓದುತ್ತಾರೆ. ಅಂಗಾಲಿನ ಗೆರೆಗಳು, ಮಡಚಿದ ಕಿವಿ ಮತ್ತೆ ನೆಟ್ಟಗಾಗುವ ವೇಗ, ಸ್ತನದ ಗಂಟಿನ ಗಾತ್ರ, ಚರ್ಮದ ದಪ್ಪ, ಕೈಕಾಲುಗಳ ಬಿಗುವು ಇವುಗಳಿಗೆ ಅಂಕ ಕೊಟ್ಟು ವಾರವನ್ನು ಅಂದಾಜಿಸುವ ಪದ್ಧತಿಗೆ ಬ್ಯಾಲರ್ಡ್ ಅಂಕಪಟ್ಟಿ ಎಂದು ಹೆಸರು. ದಿನ ತುಂಬಿದ ಚಿಕ್ಕ ಮಗುವಿನ ಅಂಗಾಲಿನ ತುಂಬ ಗೆರೆಗಳಿರುತ್ತವೆ. ಚರ್ಮ ಸಡಿಲವಾಗಿ ತೊಡೆ ಮತ್ತು ಪೃಷ್ಠದ ಮೇಲೆ ಮಡಿಕೆ ಬಿದ್ದಿರುತ್ತದೆ. ಮುಖ ಮುದುಕರ ಮುಖದಂತೆ ಸುಕ್ಕಾಗಿ, ಕಣ್ಣು ಮಾತ್ರ ಚುರುಕಾಗಿರುತ್ತದೆ. ಸಣಕಲು ಮೈಗೆ ಹೋಲಿಸಿದರೆ ತಲೆ ದೊಡ್ಡದಾಗಿ ಕಾಣುತ್ತದೆ.

ತಲೆ ದೊಡ್ಡದಾಗಿ ಕಾಣಲು ಕಾರಣವಿದೆ. ಗರ್ಭಧಾರಣೆಯ ಕೊನೆಯ ತಿಂಗಳುಗಳಲ್ಲಿ ಪೋಷಣೆ ಕಡಿಮೆಯಾದರೆ ದೇಹವು ಇದ್ದುದನ್ನು ಮೊದಲು ಮಿದುಳಿಗೆ ಹಂಚುತ್ತದೆ. ಇಂಥ ಮಕ್ಕಳಲ್ಲಿ ತೂಕ ಕುಗ್ಗಿದರೂ ತಲೆಯ ಸುತ್ತಳತೆ ಉಳಿದುಕೊಂಡಿರುತ್ತದೆ. ಆರಂಭದ ತಿಂಗಳುಗಳಲ್ಲಿಯೇ ಸೋಂಕು ಅಥವಾ ವರ್ಣತಂತುಗಳ ದೋಷದಿಂದ ತೊಂದರೆಯಾಗಿದ್ದರೆ ತೂಕ, ಉದ್ದ, ತಲೆ ಮೂರೂ ಒಂದೇ ಪ್ರಮಾಣದಲ್ಲಿ ಕಡಿಮೆಯಿರುತ್ತವೆ. ಆದ್ದರಿಂದಲೇ ಹುಟ್ಟಿದ ಮಗುವಿನ ತೂಕದೊಂದಿಗೆ ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ಬರೆದಿಡಬೇಕೆಂದು ತಜ್ಞರು ಒತ್ತಿಹೇಳುತ್ತಾರೆ.

ಗರ್ಭದೊಳಗೆ ಕೊರತೆ ಏಕೆ?

ತಾಯಿಯಿಂದ ಮಗುವಿಗೆ ಆಮ್ಲಜನಕ ಮತ್ತು ಆಹಾರ ಸಾಗುವುದು ಮಾಸಿನ ಮೂಲಕ. ಈ ಸಾಗಾಟದಲ್ಲಿ ಎಲ್ಲಿ ಅಡಚಣೆಯಾದರೂ ಮಗು ಸೊರಗುತ್ತದೆ. ಗರ್ಭಿಣಿಯ ರಕ್ತದೊತ್ತಡ ಏರುವುದು ಪ್ರಮುಖ ಕಾರಣಗಳಲ್ಲೊಂದು. ತೀವ್ರ ರಕ್ತಹೀನತೆ, ಗರ್ಭ ಧರಿಸುವ ಮುನ್ನವೇ ಇದ್ದ ಅಪೌಷ್ಟಿಕತೆ, ಹದಿಹರೆಯದ ಗರ್ಭಧಾರಣೆ, ಹೆರಿಗೆಗಳ ನಡುವಿನ ಕಡಿಮೆ ಅಂತರ, ಮಲೇರಿಯಾ, ಕ್ಷಯ ಮೊದಲಾದ ಸೋಂಕುಗಳು, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಗಳು, ಅವಳಿ ಮಕ್ಕಳು ಇವೂ ಕಾರಣಗಳ ಸಾಲಿನಲ್ಲಿವೆ.

ತಂಬಾಕಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬಳಕೆಯಲ್ಲಿದೆ. ಸೇದಿದರೆ ಮಾತ್ರ ಹಾನಿ, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಅಗಿದರೆ ಮಗುವಿಗೇನೂ ಆಗದು ಎಂದು ಹೇಳುವವರಿದ್ದಾರೆ. ಮುಂಬಯಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಗೆರಹಿತ ತಂಬಾಕು ಬಳಸಿದ ತಾಯಂದಿರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ ಕಂಡುಬಂದಿತ್ತು. ಕಡ್ಡಿಪುಡಿ, ಗುಟ್ಕಾ, ತಂಬಾಕಿನ ಹಲ್ಲುಪುಡಿ ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸೌದೆ ಒಲೆಯ ಹೊಗೆ ತುಂಬಿದ ಅಡುಗೆಮನೆಯೂ ನಿರಪಾಯಕಾರಿಯಲ್ಲ.

ಇನ್ನೊಂದು ನಂಬಿಕೆ ಆಹಾರಕ್ಕೆ ಸಂಬಂಧಿಸಿದ್ದು. ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಏಳನೇ ತಿಂಗಳ ಬಳಿಕ ಗರ್ಭಿಣಿಯ ಊಟವನ್ನು ಕಡಿಮೆ ಮಾಡುವ ಮನೆಗಳು ದಕ್ಷಿಣ ಭಾರತದ ಹಲವೆಡೆ ಈಗಲೂ ಇವೆ. ಮಗು ವೇಗವಾಗಿ ತೂಕ ಕೂಡಿಸಿಕೊಳ್ಳುವ ಕಾಲವೇ ಅದು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಅಂಶದ ಕಡೆಗೆ ಗಮನ ಸೆಳೆಯಿತು. ಗರ್ಭಿಣಿಯ ರಕ್ತದಲ್ಲಿ ವಿಟಮಿನ್ ಬಿ-12 ಕಡಿಮೆಯಿದ್ದಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗುವ ಸಂಭವ ಹೆಚ್ಚು ಎಂಬುದು ಅದರ ತೀರ್ಮಾನ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಸಹಜವಾಗಿ ದೊರೆಯುವ ಈ ವಿಟಮಿನ್ ಅನ್ನ ಸಾರಿನ ಊಟದಲ್ಲಿ ಸಾಕಷ್ಟು ಸಿಗುವುದಿಲ್ಲ. ನಂತರ ಬೆಂಗಳೂರಿನಲ್ಲಿಯೇ ನಡೆದ ಪ್ರಯೋಗದಲ್ಲಿ ಗರ್ಭಿಣಿಯರಿಗೆ ಬಿ-12 ಮಾತ್ರೆ ನೀಡಿದಾಗ ತಾಯಿಯ ರಕ್ತದಲ್ಲಿಯೂ ಎದೆಹಾಲಿನಲ್ಲಿಯೂ ಅದರ ಮಟ್ಟ ಏರಿತು. ಆದರೆ ಜನನ ತೂಕ ಹೆಚ್ಚುವುದೆಂದು ಖಚಿತವಾಗಿ ಸಿದ್ಧಪಡಲಿಲ್ಲ. ಒಂದೇ ಮಾತ್ರೆಯಿಂದ ಬಗೆಹರಿಯುವ ಸಮಸ್ಯೆ ಇದಲ್ಲ ಎಂಬುದನ್ನು ಇದು ತೋರಿಸುತ್ತದೆ.

ದಂಡು ಪ್ರದೇಶದ ಹೆರಿಗೆ ಮನೆಗಳು

ಶಿವಾಜಿನಗರ, ಟಾಸ್ಕರ್ ಟೌನ್, ಭಾರತಿನಗರ, ಹಲಸೂರು ಕಡೆಯ ಸಾಮಾನ್ಯ ಕುಟುಂಬಗಳು ಹೆರಿಗೆಗಾಗಿ ಬಹುಕಾಲದಿಂದ ನೆಚ್ಚಿಕೊಂಡಿರುವುದು ಇಲ್ಲಿನ ಎರಡು ಸರ್ಕಾರಿ ಆಸ್ಪತ್ರೆಗಳನ್ನು. ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರಿನ ಆಸ್ಪತ್ರೆ 1860ರ ದಶಕದ್ದು. ಮಹಿಳೆಯರಿಗಾಗಿ ಸ್ಥಾಪನೆಯಾದ ಲೇಡಿ ಕರ್ಜನ್ ಆಸ್ಪತ್ರೆಯ ಹೆಸರು ಮುಂದೆ ಅದರೊಂದಿಗೆ ಕೂಡಿಕೊಂಡಿತು. ಇನ್ನೊಂದು, ದಂಡು ಪ್ರದೇಶದ ಹೆಸರಾಂತ ವ್ಯಾಪಾರಿ ಹಾಗೂ ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಕೊಡುಗೆಯಾಗಿ 1925ರಲ್ಲಿ ಆರಂಭವಾದ ಘೋಷಾ ಆಸ್ಪತ್ರೆ. ಘೋಷಾ ಪದ್ಧತಿಯಲ್ಲಿದ್ದ ಹೆಂಗಸರು ಪರಪುರುಷರ ಕಣ್ಣಿಗೆ ಬೀಳದಂತೆ ಚಿಕಿತ್ಸೆ ಪಡೆಯಲೆಂದು ಕಟ್ಟಿಸಿದ ಈ ಆಸ್ಪತ್ರೆಯ ಬಾಗಿಲು ಎಲ್ಲ ಮತದವರಿಗೂ ತೆರೆದುಕೊಂಡಿತು.

ಇಂಥ ಪ್ರದೇಶದಲ್ಲಿ ವಾರದ ಲೆಕ್ಕ ತಪ್ಪಿಹೋಗುವುದಕ್ಕೆ ನಗರಜೀವನದ್ದೇ ಆದ ಕಾರಣಗಳಿವೆ. ಗರ್ಭಿಣಿ ಮೊದಲ ತಪಾಸಣೆಯನ್ನು ಗಂಡನ ಮನೆಯ ಬಳಿ, ಸ್ಕ್ಯಾನಿಂಗನ್ನು ಮತ್ತೊಂದು ಕಡೆ, ಹೆರಿಗೆಯನ್ನು ತವರಿನ ಸಮೀಪ ಮಾಡಿಸಿಕೊಳ್ಳುವುದು ಸಾಮಾನ್ಯ. ಬಾಡಿಗೆ ಮನೆ ಬದಲಾಗುತ್ತದೆ, ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ದುಡಿಯಲು ಬಂದವರು ನಡುವೆ ಊರಿಗೆ ಹೋಗಿ ಬರುತ್ತಾರೆ. ಹೆರಿಗೆ ನೋವಿನ ಗಡಿಬಿಡಿಯಲ್ಲಿ ತಾಯಿ ಕಾರ್ಡ್ ಮನೆಯಲ್ಲೇ ಉಳಿದುಬಿಟ್ಟರೆ, ಒಂಬತ್ತು ತಿಂಗಳ ದಾಖಲೆ ವೈದ್ಯರ ಕೈಗೆ ಸಿಗುವುದಿಲ್ಲ. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವ ಮಹಿಳೆಯರಿಗೆ ತಿಂಗಳ ತಪಾಸಣೆಗಾಗಿ ಅರ್ಧ ದಿನ ಬಿಡುವು ಕೇಳುವುದೂ ಕಷ್ಟ. 2017ರ ತಿದ್ದುಪಡಿಯಿಂದ ವೇತನಸಹಿತ ಹೆರಿಗೆ ರಜೆ 12ರಿಂದ 26 ವಾರಗಳಿಗೆ ಏರಿದ್ದರೂ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಅಂಗಡಿಗಳಿಗೆ ಅದು ಅನ್ವಯವಾಗಲಿಲ್ಲ.

ಮೊದಲ ಮೂರು ದಿನಗಳ ಎಚ್ಚರ

ದಿನ ತುಂಬಿದ ಚಿಕ್ಕ ಮಗು ನೋಡಲು ಚುರುಕಾಗಿರುತ್ತದೆ, ಹಸಿವಿನಿಂದ ಚೀಪುತ್ತದೆ. ಇದನ್ನು ಕಂಡು ಮನೆಯವರು ನಿಶ್ಚಿಂತರಾಗುವುದುಂಟು. ಆದರೆ ಅದಕ್ಕೆ ಎದುರಾಗುವ ಮೊದಲ ಅಪಾಯ ಹೊರಗೆ ಕಾಣದಂಥದು. ಪಿತ್ತಜನಕಾಂಗದಲ್ಲಿ ದಾಸ್ತಾನು ಇಲ್ಲದ ಕಾರಣ ರಕ್ತದ ಸಕ್ಕರೆ ಅಂಶ ಬೇಗನೆ ಕುಸಿಯುತ್ತದೆ. ಮಿದುಳಿಗೆ ಸಕ್ಕರೆಯೇ ಮುಖ್ಯ ಇಂಧನವಾದ್ದರಿಂದ ಈ ಕುಸಿತ ತೀವ್ರವಾಗಿ, ಬಹಳ ಹೊತ್ತು ಮುಂದುವರಿದರೆ ಶಾಶ್ವತ ಹಾನಿಯಾಗಬಹುದು. ಹಾಗಾಗಿ ಇಂಥ ಶಿಶುಗಳ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮೊದಲ ಎರಡು ಮೂರು ದಿನಗಳವರೆಗೆ ನಿಗದಿತ ಅಂತರದಲ್ಲಿ ಪರೀಕ್ಷಿಸಲಾಗುತ್ತದೆ. ಪ್ರತಿ ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ ಕೆಳಗಿಳಿದರೆ ನಮ್ಮ ನವಜಾತ ಶಿಶು ಘಟಕಗಳಲ್ಲಿ ಸಾಮಾನ್ಯವಾಗಿ ಕ್ರಮ ಕೈಗೊಳ್ಳಲಾಗುತ್ತದೆ. ಎಳೆ ಮಗುವನ್ನು ಪದೇಪದೇ ಚುಚ್ಚುತ್ತಾರೆಂದು ಬಂಧುಗಳು ಬೇಸರಪಡುವುದು ಸಹಜ. ಆ ಚುಚ್ಚುವಿಕೆಯ ಉದ್ದೇಶ ಇದು.

ಎರಡನೆಯದು ಮೈ ತಣ್ಣಗಾಗುವುದು. ಚರ್ಮದಡಿಯ ಕೊಬ್ಬು ಇಲ್ಲದಿರುವುದರಿಂದ ಬೆಂಗಳೂರಿನ ಸಾಧಾರಣ ಚಳಿಯೂ ಇಂಥ ಮಗುವಿಗೆ ಹೆಚ್ಚು. ಗರ್ಭದಲ್ಲಿ ಆಮ್ಲಜನಕ ಸಾಲದೆ ಕೆಂಪು ರಕ್ತಕಣಗಳು ಅತಿಯಾಗಿ ರಕ್ತ ಮಂದವಾಗುವುದು, ಹೆರಿಗೆಯ ವೇಳೆ ಉಸಿರು ಕಟ್ಟುವುದು, ಗರ್ಭದಲ್ಲೇ ಮಲವಿಸರ್ಜನೆಯಾಗಿ ಅದು ಶ್ವಾಸಕೋಶಕ್ಕೆ ಸೇರುವುದು, ಸೋಂಕು ಇವೂ ಇತರ ಅಪಾಯಗಳು.

ಅವಧಿಗೆ ಮುನ್ನ ಹುಟ್ಟಿದ ಮಗುವಿನ ಚಿತ್ರ ಇದಕ್ಕಿಂತ ಭಿನ್ನ. 34 ವಾರಕ್ಕೂ ಮೊದಲು ಹುಟ್ಟಿದ ಶಿಶುಗಳಲ್ಲಿ ಬಹಳಷ್ಟು ನೇರವಾಗಿ ಮೊಲೆ ಚೀಪಲಾರವು. ಹಿಂಡಿದ ಎದೆಹಾಲನ್ನು ಒಳಲೆಯಿಂದಲೋ ನಳಿಕೆಯಿಂದಲೋ ಕೊಡಬೇಕಾಗುತ್ತದೆ. ಉಸಿರಾಟಕ್ಕೆ ನೆರವು ಬೇಕಾಗಬಹುದು. ವಾರದ ಲೆಕ್ಕ ಸರಿಯಾಗಿದ್ದರೆ ವೈದ್ಯರು ಯಾವ ಅಪಾಯಕ್ಕೆ ಮೊದಲು ಸಜ್ಜಾಗಬೇಕು ಎಂಬುದು ಹೆರಿಗೆ ಕೋಣೆಯಲ್ಲಿಯೇ ನಿಶ್ಚಯವಾಗುತ್ತದೆ.

ಎರಡೂ ಬಗೆಯ ಶಿಶುಗಳಿಗೆ ತಾಯಿಯ ಮೊದಲ ಹಳದಿ ಹಾಲಿಗೆ ಸಮನಾದುದಿಲ್ಲ. ಚೀಪಬಲ್ಲ ಮಗುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ತಪ್ಪದೆ, ಮಲಗಿದ್ದರೆ ಎಬ್ಬಿಸಿಯಾದರೂ ಕುಡಿಸಬೇಕು. ಜೇನು, ಸಕ್ಕರೆ ನೀರು, ಕತ್ತೆ ಹಾಲು, ಗ್ರೈಪ್ ವಾಟರ್ ಇವುಗಳಿಂದ ಸಕ್ಕರೆ ಅಂಶ ಸ್ಥಿರವಾಗದು, ಸೋಂಕಿಗೆ ದಾರಿಯಾಗುತ್ತದೆ.

ಎದೆಗವಚಿದ ಆರೈಕೆ

1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದ ವೈದ್ಯ ಎಡ್ಗರ್ ರೇ, ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ ಶಿಶುಗಳನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಆರಂಭಿಸಿದರು. ಇದೇ ಕಾಂಗರೂ ತಾಯಿ ಆರೈಕೆ. ಬಡವರ ಇನ್‌ಕ್ಯುಬೇಟರ್ ಎಂದು ಹಗುರವಾಗಿ ಕಾಣಲಾಗುತ್ತಿದ್ದ ಈ ಕ್ರಮ ಇಂದು ಎಲ್ಲ ದೇಶಗಳಿಗೂ ಶಿಫಾರಸಾಗಿರುವ ಚಿಕಿತ್ಸೆ. ಭಾರತವೂ ಸೇರಿ ಐದು ದೇಶಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ 28 ದಿನಗಳೊಳಗಿನ ಸಾವು ಶೇ. 15.7ರಿಂದ ಶೇ. 12ಕ್ಕೆ ಇಳಿಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಧಿಪೂರ್ವ ಹಾಗೂ ಕಡಿಮೆ ತೂಕದ ಎಲ್ಲ ಶಿಶುಗಳಿಗೆ ದಿನಕ್ಕೆ 8ರಿಂದ 24 ಗಂಟೆ ಕಾಲ ಇದನ್ನು ಶಿಫಾರಸು ಮಾಡಿತು.

ಆಸ್ಪತ್ರೆಯಲ್ಲಿ ಆರಂಭಿಸಿ ಮನೆಯಲ್ಲಿ ಮುಂದುವರಿಸುವ ಈ ಕ್ರಮವನ್ನು ಇಡೀ ಜಿಲ್ಲೆಗೆ ವಿಸ್ತರಿಸಲು ಸಾಧ್ಯವೇ ಎಂಬುದನ್ನು ಕರ್ನಾಟಕದಲ್ಲಿ ಪರೀಕ್ಷಿಸಿದ್ದು ಕೊಪ್ಪಳ ಜಿಲ್ಲೆಯಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರದ ಆರೋಗ್ಯ ವ್ಯವಸ್ಥೆಯೊಡನೆ ಸೇರಿ ನಡೆಸಿದ ಆ ಕಾರ್ಯ ಭಾರತ ಮತ್ತು ಇಥಿಯೋಪಿಯಾಗಳಲ್ಲಿ ಒಟ್ಟಾಗಿ ನಡೆದ ಅಧ್ಯಯನದ ಭಾಗವಾಗಿತ್ತು. ತಂದೆ, ಅಜ್ಜಿ, ಅತ್ತಿಗೆ ಯಾರು ಬೇಕಾದರೂ ಸರದಿಯ ಮೇಲೆ ಮಗುವನ್ನು ಎದೆಗವಚಿಕೊಳ್ಳಬಹುದು. ಸ್ವಚ್ಛತೆ ಮತ್ತು ತಾಳ್ಮೆ ಇದ್ದರೆ ಸಾಕು.

ಮನೆಗೆ ಬಂದ ಮೇಲೆ

ಮಗುವಿಗೆ ಟೋಪಿ, ಕಾಲುಚೀಲ ತೊಡಿಸಿ ಬೆಚ್ಚಗಿಡಬೇಕು. ವೈದ್ಯರು ಒಪ್ಪುವವರೆಗೆ ಎಣ್ಣೆ ತಿಕ್ಕಿ ನೀರು ಹಾಕುವುದನ್ನು ಮುಂದೂಡುವುದು ಲೇಸು. ಬಾಣಂತಿ ಕೋಣೆಯಲ್ಲಿ ಕೆಂಡ ಮತ್ತು ಸಾಂಬ್ರಾಣಿ ಹೊಗೆ ಬೇಡ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಭೇಟಿ ನೀಡಬೇಕೆಂಬ ನಿಯಮವಿದೆ. ಕಡಿಮೆ ತೂಕದ ಶಿಶುಗಳ ಮೇಲಿನ ನಿಗಾ ಅದರ ನಂತರವೂ ಮುಂದುವರಿಯುತ್ತದೆ. ವೈದ್ಯರು ಸೂಚಿಸಿದ ವಿಟಮಿನ್ ಡಿ ಮತ್ತು ಕಬ್ಬಿಣಾಂಶದ ಹನಿಗಳನ್ನು ನಿಲ್ಲಿಸಬಾರದು. ಆರೋಗ್ಯ ಸ್ಥಿರವಾಗಿದ್ದರೆ ಲಸಿಕೆಗಳನ್ನೂ ವೈದ್ಯರ ಸಲಹೆಯಂತೆ ತಡಮಾಡದೆ ಹಾಕಿಸಬೇಕು.

ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಮಂಕಾದರೆ, ಅಂಗೈ ಅಂಗಾಲು ತಣ್ಣಗಾದರೆ, ಅದುರಿದರೆ ಅಥವಾ ಫಿಟ್ಸ್ ಬಂದರೆ, ಉಸಿರಾಟ ವೇಗವಾದರೆ, ಪಕ್ಕೆಗಳು ಒಳಸೇದುತ್ತಿದ್ದರೆ, ಅಂಗಾಲಿನವರೆಗೂ ಹಳದಿಯಾದರೆ ರಾತ್ರಿಯೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ ಉಚಿತ.

ಮೈಸೂರಿನ ಹಳೆಯ ದಫ್ತರ

ಹುಟ್ಟುವಾಗಿನ ತೂಕ ಐವತ್ತು ವರ್ಷಗಳ ನಂತರವೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಭಾರತದಲ್ಲಿ ಮೊದಮೊದಲ ಸಾಕ್ಷ್ಯ ದೊರೆತದ್ದು ಕರ್ನಾಟಕದಲ್ಲಿಯೇ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸಿ ಇಡಲಾಗಿತ್ತು. ಬ್ರಿಟನ್ನಿನ ಸೌತಾಂಪ್ಟನ್‌ನ ಸಂಶೋಧಕರು ಮೈಸೂರಿನ ವೈದ್ಯರೊಡಗೂಡಿ, ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3 ಮಾತ್ರ.

ಆದರೆ ಮಧುಮೇಹದ ಚಿತ್ರ ಅಷ್ಟು ಸರಳವಾಗಿರಲಿಲ್ಲ. 1998ರಲ್ಲಿ ಹೊರಬಂದ ಅದೇ ಮೈಸೂರಿನ ಅಧ್ಯಯನದಲ್ಲಿ, ಹುಟ್ಟುವಾಗ ಗಿಡ್ಡಗಿದ್ದು ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ ಹಾಗೂ ಹೆಚ್ಚು ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡುಬಂದಿತು. 2003ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಸರಾಸರಿ 2.7 ಕಿಲೋ ತೂಗಿದ ಪುಣೆಯ ಶಿಶುಗಳನ್ನು 3.5 ಕಿಲೋ ತೂಗಿದ ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ, ಭಾರತದ ಶಿಶುವಿನಲ್ಲಿ ಕೊರತೆಯಿರುವುದು ಮುಖ್ಯವಾಗಿ ಸ್ನಾಯು ಮತ್ತು ಅಂಗಗಳಲ್ಲಿ, ಬೆನ್ನಿನ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಉಳಿದುಕೊಂಡಿರುತ್ತದೆ ಎಂದು ಗೊತ್ತಾಯಿತು. 2004ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನ, ಶೈಶವದಲ್ಲಿ ತೆಳ್ಳಗಿದ್ದು ಬಾಲ್ಯದಲ್ಲಿ ಬೇಗಬೇಗ ಮೈ ತುಂಬಿಕೊಂಡವರಿಗೆ ದೊಡ್ಡವರಾದ ಮೇಲೆ ಮಧುಮೇಹದ ಸಂಭವ ಹೆಚ್ಚು ಎಂದು ತೋರಿಸಿತು.

ಇದರಿಂದ ಪೋಷಕರಿಗೆ ದೊರೆಯುವ ಪಾಠ ಸ್ಪಷ್ಟ. ಚಿಕ್ಕ ಮಗುವನ್ನು ಬೇಗ ದಪ್ಪ ಮಾಡಬೇಕೆಂಬ ಹಟದಿಂದ ಡಬ್ಬಿ ಹಾಲು, ಮುಂದೆ ಬಿಸ್ಕತ್ತು, ಸಿಹಿತಿಂಡಿ ತುಂಬಿಸುವುದು ಹಿತವಲ್ಲ. ಆರು ತಿಂಗಳು ಎದೆಹಾಲು, ಬಳಿಕ ಮನೆಯ ಮೆದು ಆಹಾರ, ಪ್ರತಿ ತಿಂಗಳು ತೂಕದ ನಕ್ಷೆ ಇಷ್ಟಿದ್ದರೆ ಇಂಥ ಮಕ್ಕಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ಎರಡು ವರ್ಷದೊಳಗೆ ಎತ್ತರದಲ್ಲಿ ಉಳಿದವರ ಸಾಲಿಗೆ ಬರುತ್ತಾರೆ. ಆಗಲೂ ಗಿಡ್ಡಗೇ ಉಳಿದ ಮಗುವನ್ನು ತಜ್ಞರಿಗೆ ತೋರಿಸಬೇಕು.

ತಡೆಗಟ್ಟುವ ದಾರಿ

ಮುಟ್ಟು ನಿಂತ ಕೂಡಲೇ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು ಮೊದಲ ಹೆಜ್ಜೆ. ಪ್ರತಿ ತಪಾಸಣೆಯಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ದಾಖಲಾಗಬೇಕು. 24 ವಾರಗಳ ನಂತರ ಹೊಟ್ಟೆಯ ಎತ್ತರವನ್ನು ಟೇಪಿನಿಂದ ಅಳೆದಾಗ ಬರುವ ಸೆಂಟಿಮೀಟರು ಹೆಚ್ಚುಕಡಿಮೆ ವಾರದ ಸಂಖ್ಯೆಗೆ ಸಮನಾಗಿರಬೇಕು. ಮೂರು ಸೆಂಟಿಮೀಟರಿಗಿಂತ ಹೆಚ್ಚು ಹಿಂದೆ ಬಿದ್ದರೆ ಸ್ಕ್ಯಾನಿಂಗ್ ಅಗತ್ಯ. ಹೊಕ್ಕುಳಬಳ್ಳಿಯ ರಕ್ತಸಂಚಾರವನ್ನು ಡಾಪ್ಲರ್ ಪರೀಕ್ಷೆಯಿಂದ ನೋಡಿ ಹೆರಿಗೆ ಯಾವಾಗ ಮಾಡಿಸಬೇಕೆಂದು ವೈದ್ಯರು ನಿರ್ಧರಿಸುತ್ತಾರೆ. ಮಗುವಿನ ಒದೆತ ಕಡಿಮೆಯಾದಂತೆ ಅನಿಸಿದರೆ ತಡಮಾಡಬಾರದು.

ಕಬ್ಬಿಣಾಂಶ, ಫೋಲಿಕ್ ಆಮ್ಲ ಹಾಗೂ ಕ್ಯಾಲ್ಸಿಯಂ ಮಾತ್ರೆಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಕ್ಯಾಲ್ಸಿಯಂ ಗರ್ಭಿಣಿಯ ರಕ್ತದೊತ್ತಡದ ತೊಂದರೆಯನ್ನು ತಗ್ಗಿಸುತ್ತದೆ. ಬೆಂಗಳೂರು ಮತ್ತು ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ತಲಾ 11,000 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗ, ರಕ್ತದೊತ್ತಡದ ಆ ತೊಂದರೆಯ ಮಟ್ಟಿಗೆ ದಿನಕ್ಕೆ 500 ಮಿಲಿಗ್ರಾಂ ಪ್ರಮಾಣ 1,500 ಮಿಲಿಗ್ರಾಂಗಿಂತ ಕಡಿಮೆ ಫಲಕಾರಿಯಲ್ಲ ಎಂದು ತೋರಿಸಿತು. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ಗರ್ಭಿಣಿ ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ನೀಡುವ ರಾಜ್ಯದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಆರಂಭವಾಗಿತ್ತು.

ಹೆರಿಗೆಗೆ ಹೊರಡುವಾಗ ಬಟ್ಟೆಗಂಟಿನ ಮೇಲ್ಗಡೆಯೇ ತಾಯಿ ಕಾರ್ಡ್ ಮತ್ತು ಮೊದಲ ಸ್ಕ್ಯಾನಿಂಗಿನ ವರದಿ ಇರಲಿ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಚೀಟಿಯಲ್ಲಿ ಮಗುವಿನ ತೂಕ, ಎಷ್ಟನೆಯ ವಾರ, ಉದ್ದ, ತಲೆಯ ಸುತ್ತಳತೆ ಈ ನಾಲ್ಕೂ ಬರೆದಿವೆಯೇ ಎಂದು ನೋಡಿಕೊಳ್ಳಬೇಕು. ಬರೆದಿಲ್ಲವಾದರೆ ಕೇಳಿ ಬರೆಯಿಸಿಕೊಳ್ಳುವುದು ಪೋಷಕರ ಹಕ್ಕು. ಮುಂದೆ ಮಗುವನ್ನು ಯಾವ ವೈದ್ಯರಲ್ಲಿಗೆ ಒಯ್ದರೂ ಅವರು ಮೊದಲು ಕೇಳುವ ಸಂಖ್ಯೆಗಳಲ್ಲಿ ಇವು ಸೇರಿರುತ್ತವೆ.